ಸರ್ ಎಂವಿ ಕೋಟು, ನಮ್ಮ ಕಾಲರ್ ಟೀ ಶರ್ಟು

ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡದಿಂದ ಬೆಂಗಳೂರಿನ ಕಂಪನಿಗೆ ಮೊದಲ ಸಲ ಸೇರುವ ಹುಡುಗ ಹುಡುಗಿಯರಿಗೆ ಆಫರ್ ಲೆಟರ್ ಹಿಂದೆಯೇ ಒಂದು ಮೇಲ್ ಬರುತ್ತೆ. ಯಾವ ಗೇಟು, ಯಾವ ದಾಖಲೆ, ಎಷ್ಟು ಗಂಟೆಗೆ ಅನ್ನೋದೆಲ್ಲ ಅದರಲ್ಲಿ ಇರುತ್ತೆ. ಕೊನೆಯ ಸಾಲಿನಲ್ಲಿ ಡ್ರೆಸ್ ಕೋಡ್ ಬಿಸಿನೆಸ್ ಕ್ಯಾಶುಯಲ್ ಅಂತ ಇರುತ್ತೆ. ಹಾಗಂದ್ರೇನು ಅಂತ ಯಾರೂ ಬಿಡಿಸಿ ಹೇಳಲ್ಲ. ಇಂಜಿನಿಯರಿಂಗ್ ಓದಿ ಆಮೇಲೆ ಪತ್ರಿಕೋದ್ಯಮಕ್ಕೆ ಬಂದ ನನಗೆ ಸಿದ್ದರಬೆಟ್ಟದ ಸುತ್ತಮುತ್ತಲ ಊರುಗಳಿಂದ ಈಗಲೂ ಫೋನ್ ಬರೋದು ಈ ಒಂದು ಸಾಲಿನ ಬಗ್ಗೆ. ಕಾಲರ್ ಟೀ ಶರ್ಟ್ ಹಾಕ್ಕೊಂಡು ಹೋಗಬಹುದಾ, ಇಲ್ಲಾ ಫುಲ್ ಶರ್ಟೇ ಬೇಕಾ ಅಂತ ಕೇಳ್ತಾರೆ.

ಹಾಕಬಹುದು. ಪೋಲೋ ಶರ್ಟ್ ಅಂತ ಅಂಗಡಿಯವರು ಕರೆಯೋದು ಅದನ್ನೇ. ಎಂಥದ್ದು ಆರಿಸಬೇಕು ಅನ್ನೋದನ್ನ ಮುಂದೆ ಹೇಳ್ತೀನಿ. ಆದರೆ ಆ ಪ್ರಶ್ನೆಯ ಹಿಂದೆ ಇನ್ನೊಂದು ಭಯ ಇದೆ. ನನ್ನ ಬಟ್ಟೆ ನೋಡಿದ ಕೂಡಲೇ ನಾನು ಎಲ್ಲಿಂದ ಬಂದೆ ಅಂತ ಗೊತ್ತಾಗಿಬಿಡುತ್ತಾ? ಗೊತ್ತಾದ ಮೇಲೆ ನನಗೆ ಕೆಲಸ ಬರಲ್ಲ ಅಂತ ಅಂದ್ಕೊಂಡುಬಿಡ್ತಾರಾ? ಈ ಭಯವನ್ನು ಅರ್ಥ ಮಾಡಿಕೊಳ್ಳೋಕೆ ಕನ್ನಡ ನಾಡಿನ ಅತಿ ಪ್ರಸಿದ್ಧ ಇಂಜಿನಿಯರ್ ಬದುಕನ್ನು ಅವರ ಉಡುಪಿನ ಕಡೆಯಿಂದ ಓದಬೇಕು ಅಂತ ನನಗೆ ಅನಿಸುತ್ತೆ.

ಪ್ರತಿ ಸೆಪ್ಟೆಂಬರ್ 15ರಂದು ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಫೋಟೋಗೆ ಹಾರ ಬೀಳುತ್ತೆ. ಕೋಟು, ಟೈ, ತಲೆ ಮೇಲೆ ಜರಿಯಂಚಿನ ಮೈಸೂರು ಪೇಟ. ನಾವು ನೋಡುವ ಫೋಟೋಗಳಲ್ಲಿ ಒಂದು ಸುಕ್ಕೂ ಕಾಣಲ್ಲ. ಆ ಫೋಟೋದಿಂದ ಶಿಸ್ತು ಕಲೀರಿ ಅಂತ ನಮಗೆ ಹೇಳಿಕೊಟ್ಟರು. ಆ ಕೋಟು ಮೈಮೇಲೆ ಹೇಗೆ ಬಂತು ಅಂತ ಯಾರೂ ಹೇಳಿಕೊಡಲಿಲ್ಲ.

ಮುದ್ದೇನಹಳ್ಳಿಯಿಂದ ಪುಣೆಗೆ

ಅವರು ಹುಟ್ಟಿದ್ದು 1860ರಲ್ಲಿ, ನಂದಿ ಬೆಟ್ಟದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ನಮಗೇನೂ ದೂರದ ಸೀಮೆ ಅಲ್ಲ. ನಂದಿ ಬೆಟ್ಟಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಗೌರಿಬಿದನೂರು ಹಾದು ಆಂಧ್ರದ ಕಡೆಗೆ ಹೋಗುತ್ತೆ. ಕೊರಟಗೆರೆ, ಮಧುಗಿರಿ ಸೀಮೆಯ ಜಯಮಂಗಲಿ ಕೊನೆಗೆ ಸೇರೋದೂ ಅದಕ್ಕೇ. ಮಳೆ ನಂಬಿದ, ಕೆರೆ ನಂಬಿದ ಅದೇ ಬಯಲುಸೀಮೆ.

ತಂದೆ ಶ್ರೀನಿವಾಸ ಶಾಸ್ತ್ರಿ ಸಂಸ್ಕೃತ ವಿದ್ವಾಂಸರು. ಮನೆಯಲ್ಲಿ ದುಡ್ಡು ಇರಲಿಲ್ಲ, ಅಕ್ಷರ ಇತ್ತು. ಈ ಎರಡು ಮಾತನ್ನೂ ಒಟ್ಟಿಗೆ ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತೆ. ಹುಡುಗ ಇನ್ನೂ ಶಾಲೆಯಲ್ಲಿ ಇದ್ದಾಗಲೇ ತಂದೆ ತೀರಿಕೊಂಡರು. ಚಿಕ್ಕಬಳ್ಳಾಪುರದಲ್ಲಿ ಶುರುವಾದ ಓದು ಬೆಂಗಳೂರಿನ ಸೋದರಮಾವನ ಆಸರೆಯಲ್ಲಿ ಮುಂದುವರಿಯಿತು. ಕೊಡಗಿನ ಅಧಿಕಾರಿಯೊಬ್ಬರ ಮನೆಯ ಮಕ್ಕಳಿಗೆ ಪಾಠ ಹೇಳಿ ಓದಿನ ಖರ್ಚು ತೂಗಿಸಿಕೊಂಡರು. ಸೆಂಟ್ರಲ್ ಕಾಲೇಜಿನಲ್ಲಿ 1881ರಲ್ಲಿ ಬಿ.ಎ. ಮುಗಿಯಿತು.

ಆ ಕಾಲೇಜಿನ ಪ್ರಿನ್ಸಿಪಾಲ್ ಚಾರ್ಲ್ಸ್ ವಾಟರ್ಸ್‌ಗೆ ಈ ಹುಡುಗನ ಮೇಲೆ ಬಹಳ ಅಭಿಮಾನ. ಎಷ್ಟೋ ವರ್ಷಗಳ ನಂತರ ವಾಟರ್ಸ್ ತಮ್ಮ ಉಯಿಲಿನಲ್ಲಿ ಹಳೆಯ ಶಿಷ್ಯನಿಗೆ ಚಿನ್ನದ ಕಫ್‌ಲಿಂಕ್ ಬಿಟ್ಟುಹೋದರು ಅಂತ ವಿಶ್ವೇಶ್ವರಯ್ಯನವರ ಜೀವನ ಬರೆದವರು ಹೇಳ್ತಾರೆ. ಕಫ್‌ಲಿಂಕ್ ಅಂದ್ರೆ ಫುಲ್ ಶರ್ಟಿನ ತೋಳಿನ ತುದಿಗೆ ಗುಂಡಿ ಬದಲು ಹಾಕುವ ಒಡವೆ. ಮೇಷ್ಟ್ರು ಶಿಷ್ಯನಿಗೆ ಕೊಡಬಹುದಾದ ವಸ್ತುಗಳು ನೂರಾರು ಇದ್ದವು. ಅವರು ಕೊಟ್ಟದ್ದು ದೊಡ್ಡವರ ಕೋಣೆಯೊಳಗೆ ಕೂರುವವನು ತೊಡುವ ವಸ್ತು.

ಬಿ.ಎ. ಆದ ಮೇಲೆ ಇಂಜಿನಿಯರಿಂಗ್ ಓದೋಕೆ ಪುಣೆಗೆ ಹೋಗಬೇಕಿತ್ತು. ಕೈಯಲ್ಲಿ ಹಣವಿಲ್ಲ. ಮೈಸೂರು ಸರ್ಕಾರ ವಿದ್ಯಾರ್ಥಿವೇತನ ಕೊಟ್ಟಿತು. ದಿವಾನ್ ರಂಗಾಚಾರ್ಲು ಅವರ ಕಾಲ ಅದು. ಪುಣೆಯ ಕಾಲೇಜ್ ಆಫ್ ಸೈನ್ಸ್‌ನಲ್ಲಿ 1883ರಲ್ಲಿ ಎಲ್‌ಸಿಇ ಪರೀಕ್ಷೆಯಲ್ಲಿ ಮೊದಲ ಸ್ಥಾನ. ಮರುವರ್ಷ ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಇಂಜಿನಿಯರ್ ಕೆಲಸ, ನಾಸಿಕ್‌ನಲ್ಲಿ.

ಕೋಟು ತೊಟ್ಟರು, ಹ್ಯಾಟು ಇಡಲಿಲ್ಲ

ಆ ಇಲಾಖೆಯ ಮೇಲಿನ ಮೆಟ್ಟಿಲುಗಳೆಲ್ಲ ಬಿಳಿಯರದ್ದು. ಒಬ್ಬ ಭಾರತೀಯ ಇಂಜಿನಿಯರ್ ಅಲ್ಲಿ ನಕ್ಷೆ ಬಿಡಿಸಿ ಮೇಜಿನ ಮೇಲೆ ಹರಡುವ ಮೊದಲೇ ಎದುರಿಗೆ ಕೂತವರು ಅವನನ್ನು ಅಳೆದು ಮುಗಿಸಿರುತ್ತಿದ್ದರು. ಕೋಟು, ಟೈ ಅಂಥ ಜಾಗದಲ್ಲಿ ಅಲಂಕಾರ ಅಲ್ಲ. ಮಾತು ಕೇಳಿಸಿಕೊಳ್ಳಲಿ ಅಂತ ಕಟ್ಟುವ ಸುಂಕ. ಈ ಸುಂಕವನ್ನು ವಿಶ್ವೇಶ್ವರಯ್ಯ ಒಂದು ದಿನವೂ ಬಾಕಿ ಇಡಲಿಲ್ಲ ಅಂತ ನಾನು ಓದಿಕೊಳ್ತೀನಿ.

ಆದರೆ ತಲೆ ಮೇಲೆ ಸಾಹೇಬರ ಹ್ಯಾಟು ಬರಲಿಲ್ಲ, ಪೇಟ ಉಳಿಯಿತು. ಇದು ಅವರೊಬ್ಬರೇ ಕಂಡುಹಿಡಿದ ವೇಷ ಅಲ್ಲ. ಆ ತಲೆಮಾರಿನ ಮೈಸೂರಿನ ಅಧಿಕಾರಿಗಳು, ವಕೀಲರು, ಮೇಷ್ಟ್ರುಗಳು ಹೀಗೇ ಇರ್ತಿದ್ದರು. ಕೆಳಗೆ ಸರ್ಕಾರಕ್ಕೆ ಬೇಕಾದ ಕೋಟು, ಮೇಲೆ ಊರಿಗೆ ಬೇಕಾದ ಪೇಟ. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ಅದೇ ಆ ಕಾಲದ ಬಿಸಿನೆಸ್ ಕ್ಯಾಶುಯಲ್. ಯಾವುದನ್ನು ಬಿಟ್ಟುಕೊಡಬೇಕು, ಯಾವುದನ್ನು ಬಿಡಬಾರದು ಅಂತ ಒಂದು ತಲೆಮಾರು ಮಾಡಿಕೊಂಡ ಒಪ್ಪಂದ. ಉಳಿದವರು ಕಾಲ ಕಳೆದಂತೆ ಪೇಟ ಬಿಟ್ಟರು, ಇವರು ಕೊನೇವರೆಗೂ ಬಿಡಲಿಲ್ಲ.

ಕೆಲಸದಲ್ಲಿ ಅವರು ಎಂಥವರು ಅನ್ನೋದಕ್ಕೆ ಪುರಾವೆ ಹುಡುಕಬೇಕಿಲ್ಲ. ಸಿಂಧೂ ನದಿ ದಂಡೆಯ ಸಕ್ಕರ್ ಊರಿಗೆ ಕುಡಿಯುವ ನೀರು ಕೊಟ್ಟರು. ಕಾಲುವೆ ನೀರನ್ನು ಸರದಿ ಮೇಲೆ ಹಂಚುವ ಬ್ಲಾಕ್ ಪದ್ಧತಿ ರೂಪಿಸಿದರು. ಪುಣೆ ಹತ್ತಿರದ ಖಡಕ್‌ವಾಸ್ಲಾ ಜಲಾಶಯಕ್ಕೆ 1903ರಲ್ಲಿ, ನೀರು ಏರಿದಾಗ ತಾನೇ ತೆರೆದು ಇಳಿದಾಗ ತಾನೇ ಮುಚ್ಚುವ ಬಾಗಿಲು ಕೂರಿಸಿದರು. ಏಡನ್‌ಗೂ ಹೋಗಿ ನೀರು, ಚರಂಡಿಯ ಯೋಜನೆ ಮಾಡಿಕೊಟ್ಟರು.

ಇಷ್ಟಾದರೂ ಮುಂಬೈನಲ್ಲಿ ಚೀಫ್ ಇಂಜಿನಿಯರ್ ಕುರ್ಚಿ ಭಾರತೀಯನಿಗೆ ಸಿಗುವ ಸೂಚನೆ ಇರಲಿಲ್ಲ. ಅದನ್ನು ಅರಿತು, ಸುಮಾರು ಕಾಲು ಶತಮಾನದ ಸೇವೆಯ ನಂತರ ಆ ನೌಕರಿ ಬಿಟ್ಟರು. ಕೋಟು ಎಷ್ಟೇ ಚೆನ್ನಾಗಿ ಇಸ್ತ್ರಿ ಆಗಿದ್ದರೂ ಅದರೊಳಗಿನ ಚರ್ಮದ ಬಣ್ಣ ಮುಚ್ಚಲಿಲ್ಲ. ಬಟ್ಟೆ ಬಾಗಿಲವರೆಗೆ ಕರೆದುಕೊಂಡು ಹೋಗುತ್ತೆ. ಬಾಗಿಲು ತೆರೆಯೋದು ಒಳಗಿನವರ ಮರ್ಜಿ. ಇದನ್ನು ವಿಶ್ವೇಶ್ವರಯ್ಯ ತಾವೇ ಅನುಭವಿಸಿದ್ದರು.

1908ರಲ್ಲಿ ಮೂಸಿ ನದಿ ಪ್ರವಾಹ ಹೈದರಾಬಾದನ್ನು ಮುಳುಗಿಸಿದ ಮೇಲೆ ಅಲ್ಲಿನ ರಕ್ಷಣಾ ಯೋಜನೆ ಮಾಡಿಕೊಟ್ಟು, 1909ರಲ್ಲಿ ಮೈಸೂರಿಗೆ ಚೀಫ್ ಇಂಜಿನಿಯರ್ ಆಗಿ ಬಂದರು. 1911ರಲ್ಲಿ ಕನ್ನಂಬಾಡಿ ಕಟ್ಟೆ ಶುರುವಾಯಿತು. 1912ರಲ್ಲಿ ದಿವಾನರಾದರು. ಪದವಿ ಒಪ್ಪಿಕೊಳ್ಳುವ ಮೊದಲು ನೆಂಟರನ್ನೆಲ್ಲ ಊಟಕ್ಕೆ ಕರೆದು, ಯಾರೂ ತಮ್ಮ ಹತ್ತಿರ ಶಿಫಾರಸು ತರಬಾರದು ಅಂತ ಮಾತು ತೆಗೆದುಕೊಂಡರು ಅನ್ನೋದು ಎಲ್ಲರಿಗೂ ಗೊತ್ತಿರೋ ಕಥೆ. ಮುಂದಿನ ಆರು ವರ್ಷಗಳಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು, 1913ರಲ್ಲಿ ಮೈಸೂರು ಬ್ಯಾಂಕ್, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು. ಇವತ್ತಿನ ಕರ್ನಾಟಕದ ಅರ್ಧ ಅಡಿಪಾಯ ಈ ಪಟ್ಟಿಯಲ್ಲೇ ಇದೆ.

1918ರಲ್ಲಿ ಆದದ್ದು

ಹಾರ ಹಾಕುವ ದಿನ ಯಾರೂ ಹೇಳದ ಅಧ್ಯಾಯ ಇದು. ಆಗಿನ ಮೈಸೂರು ರಾಜ್ಯದಲ್ಲಿ ಬ್ರಾಹ್ಮಣರು ಜನಸಂಖ್ಯೆಯ ನೂರಕ್ಕೆ ಸುಮಾರು ನಾಲ್ಕರಷ್ಟು. ಗೆಜೆಟೆಡ್ ಹುದ್ದೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅವರ ಕೈಯಲ್ಲಿ. ಒಕ್ಕಲಿಗ, ಲಿಂಗಾಯತ, ಮುಸ್ಲಿಂ ಮುಂತಾದ ಸಮುದಾಯಗಳ ಮುಂದಾಳುಗಳು 1917ರಲ್ಲಿ ಪ್ರಜಾಮಿತ್ರ ಮಂಡಳಿ ಕಟ್ಟಿದರು. ಸರ್ಕಾರಿ ಕೆಲಸದಲ್ಲಿ ತಮ್ಮ ಮಕ್ಕಳಿಗೂ ಪಾಲು ಬೇಕು ಅಂತ ಮಹಾರಾಜರ ಮುಂದೆ ಹೋದರು. ನಾಲ್ವಡಿ ಕೃಷ್ಣರಾಜ ಒಡೆಯರ್ 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ನೇತೃತ್ವದಲ್ಲಿ ಸಮಿತಿ ನೇಮಿಸಿದರು.

ದಿವಾನರಿಗೆ ಇದು ಒಪ್ಪಿಗೆ ಆಗಲಿಲ್ಲ. ಹಿಂದುಳಿದವರ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡೋಣ, ಶಾಲೆ ಹೆಚ್ಚಿಸೋಣ, ಆದರೆ ಹುದ್ದೆಗೆ ಯೋಗ್ಯತೆಯೇ ಅಳತೆ ಆಗಬೇಕು ಅನ್ನೋದು ಅವರ ನಿಲುವು. ಮಹಾರಾಜರ ಜೊತೆ ಭಿನ್ನಾಭಿಪ್ರಾಯ ಬೆಳೆದು, ಅದೇ ವರ್ಷ ದಿವಾನಗಿರಿ ಬಿಟ್ಟರು. ಅವರ ಜಾಗಕ್ಕೆ ಕಾಂತರಾಜೇ ಅರಸು ಬಂದರು. ಮಿಲ್ಲರ್ ಸಮಿತಿ 1919ರಲ್ಲಿ ವರದಿ ಕೊಟ್ಟಿತು. ಏಳು ವರ್ಷದೊಳಗೆ ಮೇಲ್ದರ್ಜೆ ಹುದ್ದೆಗಳಲ್ಲಿ ಅರ್ಧ, ಕೆಳದರ್ಜೆಯಲ್ಲಿ ಮೂರನೇ ಎರಡು ಪಾಲು ಹಿಂದುಳಿದ ಸಮುದಾಯಗಳಿಗೆ ಸಿಗಬೇಕು ಅಂತ ಅದು ಹೇಳಿತು. 1921ರಲ್ಲಿ ಸರ್ಕಾರಿ ಆದೇಶ ಹೊರಬಿತ್ತು. 1902ರಲ್ಲಿ ಕೊಲ್ಹಾಪುರದ ಶಾಹೂ ಮಹಾರಾಜರು ತೆರೆದ ದಾರಿ ಅದು. ಮುಂದೆ 1970ರ ದಶಕದ ಹಾವನೂರು ಆಯೋಗದವರೆಗೆ ಕರ್ನಾಟಕ ನಡೆದದ್ದು ಇದೇ ದಾರಿಯಲ್ಲಿ. ಶಿರಾ, ಪಾವಗಡದ ಎಷ್ಟೋ ಮನೆಗಳ ಮೊದಲ ಸರ್ಕಾರಿ ನೌಕರ ಬಂದದ್ದು ಈ ದಾರಿಯಿಂದ.

ವಿಶ್ವೇಶ್ವರಯ್ಯನವರನ್ನು ಜಾತಿವಾದಿ ಅಂತ ಒಂದೇ ಪದದಲ್ಲಿ ಮುಗಿಸೋದು ಸುಲಭ. ನನಗೆ ಅದರಲ್ಲಿ ಆಸಕ್ತಿ ಇಲ್ಲ. ನೆಂಟರಿಗೂ ಬಾಗಿಲು ಮುಚ್ಚಿದ ಮನುಷ್ಯ ಅವರು. ಕಷ್ಟ ಬೇರೆ ಕಡೆ ಇದೆ. ಯೋಗ್ಯತೆ ಅನ್ನೋದು ಒಬ್ಬೊಬ್ಬರ ಒಳಗಿನಿಂದಲೇ ಬರುತ್ತೆ, ದುಡಿದರೆ ಯಾರಿಗಾದರೂ ಬರುತ್ತೆ ಅಂತ ಅವರು ಪ್ರಾಮಾಣಿಕವಾಗಿ ನಂಬಿದ್ದರು. ಯಾಕಂದ್ರೆ ತಾವು ಹಾಗೇ ಬಂದೆವು ಅಂತ ಅವರಿಗೆ ಅನಿಸಿತ್ತು.

ಆದರೆ ಲೆಕ್ಕ ಹಾಕಿ ನೋಡಿ. ಮನೆಯಲ್ಲಿ ತಲೆಮಾರುಗಳಿಂದ ಅಕ್ಷರ ಇತ್ತು. ಬೆಂಗಳೂರಿನಲ್ಲಿ ಇಳಿದುಕೊಳ್ಳೋಕೆ ಸೋದರಮಾವ ಇದ್ದರು. ಪಾಠ ಹೇಳೋಕೆ ಮನೆಯೊಳಗೆ ಬಿಟ್ಟುಕೊಳ್ಳುವ ಅಧಿಕಾರಿ ಇದ್ದರು. ಅಭಿಮಾನದ ಪ್ರಿನ್ಸಿಪಾಲ್ ಇದ್ದರು. ಕೊನೆಗೆ ಪುಣೆಗೆ ಕಳಿಸಿದ್ದು ಸರ್ಕಾರದ ದುಡ್ಡು. ಬಡತನ ನಿಜ, ದುಡಿಮೆ ನಿಜ, ಪ್ರತಿಭೆ ನಿಜ. ಹಾಗೆಯೇ ಈ ಮೆಟ್ಟಿಲುಗಳೂ ನಿಜ. ಅದೇ ಊರಿನ ಕೇರಿಯಲ್ಲಿ ಹುಟ್ಟಿದ ಹುಡುಗನಿಗೆ ಈ ಐದರಲ್ಲಿ ಎಷ್ಟು ಸಿಗ್ತಿತ್ತು? ಅವನನ್ನು ಯಾರ ಮನೆಯೊಳಗೆ ಪಾಠ ಹೇಳೋಕೆ ಬಿಡ್ತಿದ್ದರು?

ಕೋಟು ಹೊರಗೆ ಕಾಣುತ್ತೆ. ಅದನ್ನು ಹೊಲಿಸಿಕೊಟ್ಟ ಕೈಗಳು ಕಾಣಲ್ಲ. ತೊಟ್ಟವನಿಗೂ ನಿಧಾನಕ್ಕೆ ಮರೆತುಹೋಗುತ್ತೆ. ಮುಂಬೈನಲ್ಲಿ ಬಿಳಿಯರು ಮುಚ್ಚಿಟ್ಟ ಬಾಗಿಲ ಮುಂದೆ ನಿಂತಿದ್ದ ಮನುಷ್ಯ, ಮೈಸೂರಿನಲ್ಲಿ ಇನ್ನೊಂದು ಬಾಗಿಲ ಒಳಗೆ ತಾನೇ ನಿಂತಿದ್ದೇನೆ ಅಂತ ಕಾಣದೇ ಹೋದರು. ಅವರ ಬದುಕಿನ ನಿಜವಾದ ದುರಂತ ಇದು ಅಂತ ನನ್ನ ಅಭಿಪ್ರಾಯ.

ದಿವಾನಗಿರಿ ಬಿಟ್ಟ ಮೇಲೂ ಅವರು ನಾಲ್ಕು ದಶಕ ಬದುಕಿದರು. ನಷ್ಟದಲ್ಲಿದ್ದ ಭದ್ರಾವತಿ ಕಬ್ಬಿಣದ ಕಾರ್ಖಾನೆಯನ್ನು 1923ರಿಂದ ನಿಲ್ಲಿಸಿಕೊಟ್ಟರು. 1934ರಲ್ಲಿ ದೇಶಕ್ಕೆ ಯೋಜಿತ ಆರ್ಥಿಕತೆ ಬೇಕು ಅಂತ ಪುಸ್ತಕ ಬರೆದರು. ಭದ್ರಾವತಿ ಕೆಲಸಕ್ಕೆ ಬರಬೇಕಿದ್ದ ಸಂಭಾವನೆಯನ್ನು ತಾವು ಇಟ್ಟುಕೊಳ್ಳದೆ ತಾಂತ್ರಿಕ ಶಾಲೆಗೆ ಕೊಟ್ಟರು. 1943ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಆ ಸಂಸ್ಥೆ ತಮ್ಮ ಹೆಸರಿನಲ್ಲಿ ಬೇಡ, ಮಹಾರಾಜರ ಹೆಸರಿನಲ್ಲಿ ಇರಲಿ ಅಂದರು. ಅದೇ ಇವತ್ತಿನ ಎಸ್‌ಜೆ ಪಾಲಿಟೆಕ್ನಿಕ್. ಹಳ್ಳಿಯ ಮಕ್ಕಳಿಗೆ ಡಿಪ್ಲೊಮಾ ಕೊಟ್ಟು ಕೆಲಸಕ್ಕೆ ಕಳಿಸುವ ಜಾಗ. ಮೀಸಲಾತಿ ಬೇಡ ಅಂದವರ ದುಡ್ಡಿನಲ್ಲಿ ಎದ್ದ ಕಟ್ಟಡದಲ್ಲಿ ಮೀಸಲಾತಿ ಸೀಟು ಪಡೆದ ಮಕ್ಕಳು ಕೂತು ಓದಿದರು. ಇತಿಹಾಸ ಕೆಲವೊಮ್ಮೆ ಹೀಗೂ ಸರಿ ಮಾಡುತ್ತೆ.

1955ರಲ್ಲಿ ಭಾರತರತ್ನ. 1960ರಲ್ಲಿ, ಇನ್ನೂ ಬದುಕಿರುವಾಗಲೇ, ಅಂಚೆಚೀಟಿ. ತೊಂಬತ್ತು ದಾಟಿದ ಮೇಲೂ ಯಾರನ್ನಾದರೂ ಭೇಟಿ ಮಾಡುವಾಗ ಕೋಟು, ಟೈ, ಪೇಟ ತಪ್ಪಲಿಲ್ಲ. 1962ರಲ್ಲಿ ತೀರಿಕೊಂಡರು.

ಈಗ ನಿಮ್ಮ ಪೋಲೋ

ಕೋಟು, ಟೈ ಇಲ್ಲದೆ ಆಫೀಸಿಗೆ ಹೋಗಬಹುದು ಅನ್ನೋದು ಬೆಂಗಳೂರಿನಲ್ಲಿ ತೀರಾ ಹಳೇ ಮಾತಲ್ಲ. ಇನ್ಫೋಸಿಸ್‌ನಂಥ ಕಂಪನಿ ಎಲ್ಲ ದಿನವೂ ಬಿಸಿನೆಸ್ ಕ್ಯಾಶುಯಲ್ ಹಾಕಬಹುದು ಅಂತ ಹೇಳಿದ್ದು 2015ರಲ್ಲಿ. ಪೋಲೋ ಶರ್ಟಿನದ್ದೂ ಇಂಥದ್ದೇ ಕಥೆ. ಟೆನಿಸ್ ಆಟಗಾರರು ಗಂಜಿ ಹಾಕಿದ ಉದ್ದ ತೋಳಿನ ಬಿಳಿ ಅಂಗಿಯಲ್ಲಿ ಬೆವರುತ್ತಿದ್ದ ಕಾಲದಲ್ಲಿ, ಫ್ರಾನ್ಸಿನ ರೆನೆ ಲಾಕೊಸ್ಟ್ 1926ರಲ್ಲಿ ಅಮೆರಿಕದ ಪಂದ್ಯಾವಳಿಗೆ ಹತ್ತಿಯ, ಗಿಡ್ಡ ತೋಳಿನ ಹೆಣೆದ ಅಂಗಿ ಹಾಕಿಕೊಂಡು ಬಂದ. 1933ರಲ್ಲಿ ಅದನ್ನೇ ಮಾರೋಕೆ ಕಂಪನಿ ಕಟ್ಟಿದ. ಹೆಸರು ಬಂದದ್ದು ಕುದುರೆ ಮೇಲಿನ ಪೋಲೋ ಆಟದಿಂದ, ಆ ಆಟವನ್ನು ಬ್ರಿಟಿಷರು ಕಲಿತದ್ದು ನಮ್ಮ ಮಣಿಪುರದವರಿಂದ. ಅಂದ್ರೆ ಇವತ್ತು ಫಾರ್ಮಲ್ ಅನ್ನೋದು ನಿನ್ನೆ ಅಶಿಸ್ತು ಆಗಿತ್ತು. ನಿಯಮ ಆಕಾಶದಿಂದ ಬಿದ್ದದ್ದಲ್ಲ.

ಆದರೂ ನಿಯಮ ಗೊತ್ತಿರಬೇಕು. ಗೊತ್ತಿಲ್ಲದೇ ಇರೋದಕ್ಕೆ ದಂಡ ಕಟ್ಟೋದು ಯಾವಾಗಲೂ ನಮ್ಮಂಥವರೇ. ಹಾಗಾಗಿ ನೇರವಾಗಿ ಹೇಳ್ತೀನಿ. ಜಾಳು ಜಾಳಾದ ಸಿಂಥೆಟಿಕ್ ಬೇಡ, ಅದು ಜಿಮ್ ಬಟ್ಟೆ ಥರ ಮಿಂಚುತ್ತೆ. ಪಿಕೆ ಅಂತ ಕರೆಯುವ, ಸಣ್ಣ ಸಣ್ಣ ಗುಳಿಗಳ ಹೆಣಿಗೆ ಇರುವ ಹತ್ತಿ ಬಟ್ಟೆ ನೋಡಿ. ಕೊಳ್ಳುವ ಮುಂಚೆ ಕಾಲರ್ ಹಿಡಿದು ಮಡಚಿ ಬಿಡಿ, ಎದ್ದು ನಿಲ್ಲಬೇಕು. ನಾಲ್ಕು ಸಲ ಒಗೆದಾಗ ಸುರುಳಿ ಸುತ್ತಿಕೊಳ್ಳುವ ಕಾಲರ್ ಇದ್ದರೆ ಮಿಕ್ಕಿದ್ದೆಲ್ಲ ದಂಡ. ಭುಜದ ಹೊಲಿಗೆ ಭುಜದ ಅಂಚಿಗೇ ಬರಬೇಕು, ತೋಳು ಮೊಣಕೈಗಿಂತ ಮೇಲೆ ನಿಲ್ಲಬೇಕು. ಪ್ಯಾಂಟಿನೊಳಗೆ ಸೇರಿಸಿದರೆ ಕೈ ಎತ್ತಿದಾಗ ಹೊರಗೆ ಬರಬಾರದು, ಹೊರಗೆ ಬಿಟ್ಟರೆ ತೊಡೆಗೆ ಇಳಿಯಬಾರದು.

ಬಣ್ಣ ಗಾಢ ನೀಲಿ, ಬೂದು, ಕಪ್ಪು, ಬಿಳಿ ಇವುಗಳಲ್ಲಿ ಇರಲಿ. ಎದೆ ತುಂಬ ಬ್ರ್ಯಾಂಡ್ ಹೆಸರು, ದೊಡ್ಡ ಪಟ್ಟೆ ಬೇಡ. ಜೊತೆಗೆ ಜೀನ್ಸ್ ಬದಲು ಕಾಟನ್ ಪ್ಯಾಂಟು, ಮುಚ್ಚಿದ ಶೂ. ಹುಡುಗಿಯರಿಗೂ ಇದೇ ಅಳತೆ ಸಾಕು, ಕುರ್ತಾ ಇಷ್ಟ ಇದ್ದರೆ ಅದೂ ಬಿಸಿನೆಸ್ ಕ್ಯಾಶುಯಲ್ಲೇ. ತುಮಕೂರಿನ ಎಂ.ಜಿ. ರಸ್ತೆಯಲ್ಲಿ ಸಿಗೋದಕ್ಕೆ ಬೆಂಗಳೂರಿನ ಮಾಲ್‌ಗೆ ಹೋಗಬೇಕಿಲ್ಲ. ಐದು ಅಗ್ಗದ್ದು ತರೋ ಬದಲು ಎರಡು ಒಳ್ಳೇದು ತಗೊಳ್ಳಿ. ತಿರುವಿ ಹಾಕಿ ತಣ್ಣೀರಿನಲ್ಲಿ ಒಗೆದು, ನೆರಳಲ್ಲಿ ಒಣಗಿಸಿ. ಮೊದಲ ದಿನ ಮಾತ್ರ ಫುಲ್ ಶರ್ಟ್ ಹಾಕ್ಕೊಂಡು ಹೋಗಿ, ಅಲ್ಲಿನವರು ಏನು ಹಾಕ್ತಾರೆ ನೋಡಿ, ಎರಡನೇ ದಿನದಿಂದ ಪೋಲೋ.

ಈ ಸುಂಕ ಕಟ್ಟಿ. ನಾಚಿಕೆ ಪಡಬೇಕಿಲ್ಲ, ಸರ್ ಎಂವಿ ಕೂಡ ಕಟ್ಟಿದರು. ಪೇಟವನ್ನೂ ಇಟ್ಟುಕೊಳ್ಳಿ ಅಂತ ಹೇಳ್ತೀನಿ. ಇವತ್ತಿಗೆ ಪೇಟ ಅಂದ್ರೆ ತಲೆ ಮೇಲಿನ ಬಟ್ಟೆ ಅಲ್ಲ. ಮಧುಗಿರಿಯ ಮಾತಿನ ಧಾಟಿ, ಪಾವಗಡದ ತೆಲುಗು ಬೆರೆತ ಕನ್ನಡ, ಅಪ್ಪ ಏನು ಕೆಲಸ ಮಾಡ್ತಾರೆ ಅಂತ ಕೇಳಿದಾಗ ತಡವರಿಸದೆ ಕೂಲಿ ಅಂತ ಹೇಳೋ ಧೈರ್ಯ. ಕಾಲರ್ ಸರಿಯಾಗಿ ನಿಂತಿರುವಾಗ ಇವನ್ನು ಬಚ್ಚಿಡೋ ಅಗತ್ಯ ಇಲ್ಲ.

ಅವರಿಂದ ಕಲಿಯಬಾರದ್ದು ಒಂದೇ ಒಂದು. ಇಂಟರ್ವ್ಯೂಗಳಲ್ಲಿ ಈಗ ಯೋಗ್ಯತೆ ಅನ್ನೋ ಪದ ಕಡಿಮೆಯಾಗಿ ಪ್ರೆಸೆಂಟಬಲ್, ಕಮ್ಯುನಿಕೇಶನ್, ಕಲ್ಚರ್ ಫಿಟ್ ಅನ್ನೋ ಪದಗಳು ಬಂದಿವೆ. ಎಷ್ಟೋ ಸಲ ಇವು ಕೆಲಸ ಬರುತ್ತಾ ಅಂತ ಕೇಳೋದಿಲ್ಲ, ನಮ್ಮ ಥರ ಕಾಣ್ತೀಯಾ ಅಂತ ಕೇಳುತ್ತವೆ. ಹತ್ತು ವರ್ಷ ಕಳೆದರೆ ಆ ಮೇಜಿನ ಆಚೆ ಬದಿಯಲ್ಲಿ ನೀವೇ ಕೂತಿರ್ತೀರಿ. ಎದುರಿಗೆ ಶಿರಾ ಕಡೆಯ ಹುಡುಗಿಯೊಬ್ಬಳು ಇಸ್ತ್ರಿ ಸರಿ ಇಲ್ಲದ ಅಂಗಿಯಲ್ಲಿ, ತೊದಲುವ ಇಂಗ್ಲಿಷಿನಲ್ಲಿ ಕೂತಿರ್ತಾಳೆ. ನಾನು ಕಷ್ಟಪಟ್ಟು ಬಂದೆ, ಇವಳೂ ಬರಲಿ ಅಂತ ಆಗ ಅನಿಸಬಹುದು. ನಿಮ್ಮ ಫೀಸು ಕಟ್ಟಿದ ಸ್ಕಾಲರ್‌ಶಿಪ್, ನೀವು ಉಳಿದುಕೊಂಡ ಹಾಸ್ಟೆಲ್, ನಿಮಗೆ ಸಿಕ್ಕ ಸೀಟು ಇವನ್ನೆಲ್ಲ ಒಂದು ಸಲ ಎಣಿಸಿ. ಆಮೇಲೆ ಅವಳಿಗೆ ಏನು ಮಾಡೋಕೆ ಬರುತ್ತೆ ಅಂತ ಕೇಳಿ, ಬೇಕಿದ್ದರೆ ಕನ್ನಡದಲ್ಲೇ ಕೇಳಿ.